ಕಾಸರಗೋಡಿನ ಮಳೆಗಾಲದ ಅಡಿಗೆಮನೆ: ಮಿತವ್ಯಯದ ಒಂದು ಚರಿತ್ರೆ

ಕಾಸರಗೋಡು ಸೀಮೆಯ ಹಳೆಯ ಮನೆಗಳ ಅಟ್ಟದಲ್ಲಿ ಧೂಳು ಹಿಡಿದು ಬಿದ್ದಿರುವ ಲೆಕ್ಕದ ಪುಸ್ತಕಗಳನ್ನು ಬಿಡಿಸಿ ನೋಡಿದವರಿಗೆ ಒಂದು ಸಂಗತಿ ಬೇಗನೆ ಗೋಚರವಾಗುತ್ತದೆ. ಒಡೆಯರಿಗೆ ಸಂದ ಗೇಣಿಯ ಅಕ್ಕಿಮುಡಿಗಳು, ಮಾರಿದ ತೆಂಗಿನಕಾಯಿ, ಅಡಕೆ, ಕರಿಮೆಣಸುಗಳು, ತೀರ್ವೆಯ ಕಂತು, ಕೊಂಡುತಂದ ಉಪ್ಪು, ಬೆಲ್ಲ, ಸೀಮೆಎಣ್ಣೆ, ಬಟ್ಟೆಬರೆ, ಇವೆಲ್ಲ ಅಲ್ಲಿ ಕ್ರಮವಾಗಿ ಬರೆದಿರುತ್ತವೆ. ಆದರೆ ಮಳೆ ಕಡಿಯದೆ ಹೊಯ್ಯುವ ನೂರಕ್ಕೂ ಮಿಕ್ಕಿದ ದಿನಗಳಲ್ಲಿ ಮನೆಮಂದಿ ಏನನ್ನು ಉಂಡು ಬದುಕಿದರೆಂಬುದು ಆ ಪುಸ್ತಕಗಳಿಂದ ತಿಳಿದು ಬರುವುದಿಲ್ಲ. ಹಲಸಿನ ಹೆಸರು ಅಲ್ಲಿಲ್ಲ. ಕೆಸುವಿನ ಎಲೆ, ಕಣಿಲೆ, ಬಾಳೆದಿಂಡು, ಗಂಜಿಯ ತೆಳಿ ಇವುಗಳ ಹೆಸರೂ ಇಲ್ಲ. ಅವು ಹಣ ಕೊಟ್ಟು ತಂದ ವಸ್ತುಗಳಲ್ಲ, ಹಣಕ್ಕೆ ಮಾರಿದುವೂ ಅಲ್ಲ. ಆದುದರಿಂದ ಅವನ್ನು ಬರೆಯುವ ಪ್ರಮೇಯವೇ ಇರಲಿಲ್ಲ. ಲೆಕ್ಕ ಬರೆಯುತ್ತಿದ್ದವರು ಬಹುಮಟ್ಟಿಗೆ ಗಂಡಸರು. ಬರೆಯದೆ ಉಳಿದುದನ್ನು ನಡೆಯಿಸುತ್ತಿದ್ದವರು ಹೆಂಗಸರು. ನಮ್ಮ ಸೀಮೆಯ ಗೃಹಕೃತ್ಯದ ಮಿತವ್ಯಯವೆಲ್ಲ ಈ ಬರೆಯದ ಪುಟಗಳಲ್ಲಿಯೇ ಅಡಗಿದೆಯೆಂದು ನಮ್ಮ ಅಭಿಪ್ರಾಯ. ಅದನ್ನು ಅಕ್ಕಿಯ ಚರಿತ್ರೆಯೊಡನೆ ಕೂಡಿಸಿ ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

ಮೊದಲಿಗೆ ಅಕ್ಕಿಯ ವಿಚಾರ. ಕನ್ನಡ ಜಿಲ್ಲೆಯ ಕರಾವಳಿಯು ಅಕ್ಕಿಗೆ ಹೆಸರಾದ ನಾಡು. ಇಕ್ಕೇರಿ ನಾಯಕರ ಕಾಲದಲ್ಲಿ ಬಸರೂರು, ಮಂಗಳೂರು ಬಂದರುಗಳಿಂದ ಅಕ್ಕಿಯು ಗೋವೆಗೂ ಅರಬಸ್ಥಾನದ ಮಸ್ಕತ್ತಿಗೂ ಹೋಗುತ್ತಿದ್ದುದು ಪೋರ್ಚುಗೀಸರ ವ್ಯವಹಾರಗಳಿಂದ ತಿಳಿದ ಮಾತು. ಟಿಪ್ಪುವಿನ ಪತನಾನಂತರ ಕುಂಪಣಿ ಸರಕಾರದ ಆದೇಶದಂತೆ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 1801ರ ಆರಂಭದಲ್ಲಿ ಮಲಬಾರಿನಿಂದ ಹೊರಟು ಹೊಸದುರ್ಗ, ಕುಂಬಳೆ, ಮಂಜೇಶ್ವರಗಳ ಮಾರ್ಗವಾಗಿ ಮಂಗಳೂರಿಗೆ ಬಂದನು. ಅವನ ಪ್ರವಾಸಗ್ರಂಥವು 1807ರಲ್ಲಿ ಅಚ್ಚಾಯಿತು. ನಮ್ಮ ಗದ್ದೆಗಳ ಬೈಲು, ಮಜಲು, ಬೆಟ್ಟು ಎಂಬ ವಿಂಗಡಣೆಯನ್ನೂ, ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳ ಹೆಸರುಗಳನ್ನೂ ಅವನು ಕೇಳಿ ಬರೆದುಕೊಂಡಿದ್ದಾನೆ. ನೀರಿನಾಸರೆಯುಳ್ಳ ಬೈಲಿನಲ್ಲಿ ಮೂರು ಬೆಳೆ, ಮಜಲಿನಲ್ಲಿ ಎರಡು, ಬೆಟ್ಟಿನಲ್ಲಿ ಮಳೆಗಾಲದ ಏಣೆಲು ಒಂದೇ. ಓದಿದವರಿಗೆ ಇದು ಸುಭಿಕ್ಷದ ನಾಡೆಂದು ತೋರುವುದು ಸಹಜ.

ಹೀಗಿದ್ದೂ ಇದೇ ನಾಡಿನಲ್ಲಿ ಆಟಿ ತಿಂಗಳೆಂದರೆ ಹಸಿವಿನ ತಿಂಗಳೆಂದು ಹೆಸರಾಯಿತು. ಏಣೆಲಿನ ನೇಜಿ ನೆಟ್ಟು ಮುಗಿದಿರುತ್ತದೆ; ತೆನೆ ಬರಲು ಇನ್ನೂ ಎರಡು ತಿಂಗಳು ಬೇಕು. ಗದ್ದೆಯಲ್ಲಿ ಕೆಲಸವಿಲ್ಲ, ಕಡಲಿಗೆ ದೋಣಿ ಇಳಿಸುವಂತಿಲ್ಲ, ಹೊಳೆ ದಾಟುವಂತಿಲ್ಲ. ಹಳೆಯ ಅಕ್ಕಿ ಮುಗಿಯುತ್ತ ಬಂದಿರುತ್ತದೆ. ಅಕ್ಕಿ ಬೆಳೆದ ಮನೆಯಲ್ಲಿಯೇ ಅಕ್ಕಿ ಮುಗಿಯುವುದೇಕೆ? ಅಕ್ಕಿಯು ಇಲ್ಲಿ ಬರಿಯ ಆಹಾರವಾಗಿರಲಿಲ್ಲ, ನಾಣ್ಯವೂ ಆಗಿತ್ತೆಂಬುದೇ ಇದಕ್ಕೆ ಉತ್ತರ. ಮೂಲಗೇಣಿಯಾಗಲಿ ಚಾಲಗೇಣಿಯಾಗಲಿ ಒಕ್ಕಲು ಒಡೆಯನಿಗೆ ಅಳೆಯಬೇಕಾದುದು ಅಕ್ಕಿಯನ್ನು. ಕೂಲಿ ಕೊಡುತ್ತಿದ್ದುದು ಅಕ್ಕಿಯಲ್ಲಿ ಅಥವಾ ಭತ್ತದಲ್ಲಿ. ದೇವಸ್ಥಾನಕ್ಕೆ, ಭೂತಸ್ಥಾನಕ್ಕೆ ಸಲ್ಲತಕ್ಕುದೂ ಅಕ್ಕಿಯೇ. ಬೈಹುಲ್ಲಿನಿಂದ ಬಿಗಿದು ಕಟ್ಟಿದ ಮುಡಿಯೇ ಈ ವ್ಯವಹಾರದ ಮಾನ. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಅಂದರೆ ಮುಡಿಗೆ 42 ಸೇರು. ಗೇಣಿಯ ಮುಡಿಗಳು ಗಾಡಿಯೇರಿ ಹೋದ ಬಳಿಕ ಉಪ್ಪರಿಗೆಯಲ್ಲಿ ಎಷ್ಟು ಮುಡಿ ಉಳಿಯಿತೋ ಅಷ್ಟರಲ್ಲಿ ಮಳೆಗಾಲವನ್ನು ದಾಟಬೇಕು.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ಪತ್ತನಾಜೆಯಿಂದ ಹೊಸಕ್ಕಿಯ ಊಟದವರೆಗೆ ಹದಿನಾರು ವಾರ, ಎಂದರೆ 112 ದಿನ ಎಂದು ಹಿಡಿಯೋಣ. ಮಕ್ಕಳು ಮುದುಕರು ಸೇರಿ ಎಂಟು ಮಂದಿ ಇರುವ ಮನೆಗೆ ದಿನಕ್ಕೆ ಮೂರು ಸೇರು ಅಕ್ಕಿಯೆಂದಾದರೆ ಒಂದು ಮುಡಿ 14 ದಿನಕ್ಕೆ ಮುಗಿಯುತ್ತದೆ. ಮಳೆಗಾಲಕ್ಕೆ 8 ಮುಡಿ ಬೇಕು. ಅದೇ ಮನೆ ದಿನಕ್ಕೆ ಎರಡು ಸೇರಿಗೆ ಇಳಿಯಿತೆಂದಾದರೆ ಮುಡಿ 21 ದಿನ ಬಾಳುತ್ತದೆ. ಐದೂಕಾಲು ಮುಡಿ, ಹೆಚ್ಚೆಂದರೆ ಐದೂವರೆ ಮುಡಿ ಸಾಕು. ನಡುವಿನ ವ್ಯತ್ಯಾಸ ಎರಡೂವರೆ ಮುಡಿಗೆ ಮಿಕ್ಕಿತು. ಚಿಕ್ಕ ಒಕ್ಕಲಿಗೆ ಅದು ಸಾಲ ಮಾಡುವುದಕ್ಕೂ ಮಾಡದಿರುವುದಕ್ಕೂ ಇರುವ ವ್ಯತ್ಯಾಸ. ಮಳೆಗಾಲದಲ್ಲಿ ಕಡ ತಂದ ಭತ್ತಕ್ಕೆ ಸುಗ್ಗಿಯಲ್ಲಿ ಬಡ್ಡಿಭತ್ತವನ್ನು ಸೇರಿಸಿ ಅಳೆಯಬೇಕಾಗಿತ್ತೆಂಬುದನ್ನು ನೆನೆದರೆ ದಿನವೊಂದಕ್ಕೆ ಉಳಿದ ಆ ಒಂದು ಸೇರಿನ ಬೆಲೆ ಗೊತ್ತಾಗುತ್ತದೆ. ಆದರೆ ಎಂಟು ಹೊಟ್ಟೆಗಳು ಮೂರು ಸೇರಿನ ಹಸಿವನ್ನು ಎರಡು ಸೇರಿಗೆ ತಾವಾಗಿ ಇಳಿಸಿಕೊಳ್ಳುವುದಿಲ್ಲ. ಆ ಒಂದು ಸೇರಿನ ಸ್ಥಾನವನ್ನು ಬೇರೆ ಏನೋ ಒಂದು ತುಂಬಬೇಕು. ಅದನ್ನು ತುಂಬುವ ವಿದ್ಯೆಯೇ ನಮ್ಮ ಮಳೆಗಾಲದ ಅಡಿಗೆ.

ಈ ವಿದ್ಯೆಯು ಮಳೆಗಾಲದಲ್ಲಿ ಆರಂಭವಾಗುವುದಲ್ಲ. ಬಿಸು ಕಳೆದು ಬಿಸಿಲು ಕಾಯುವಾಗಲೇ ಅಂಗಳದಲ್ಲಿ ಅದರ ಕಾರ್ಯ ನಡೆದಿರುತ್ತದೆ. ಅದರಲ್ಲಿ ಹಲಸಿನದೇ ಅಗ್ರಸ್ಥಾನ. ಒಂದು ಮರದ ಫಲವನ್ನು ನಾಲ್ಕು ಪ್ರಾಯಗಳಲ್ಲಿ ನಾಲ್ಕು ವಿಧವಾಗಿ ಉಣ್ಣುವ ಕ್ರಮ ಬೇರೆಲ್ಲಿಯಾದರೂ ಇಷ್ಟು ವಿಸ್ತಾರವಾಗಿ ಇದೆಯೋ ಎಂದು ನಮಗೆ ಸಂಶಯ. ಎಳೆಯದು ಗುಜ್ಜೆ, ಅದು ಪಲ್ಯಕ್ಕೆ. ಬೆಳೆದು ಹಣ್ಣಾಗದ ಕಾಯಿಯ ಸೊಳೆ ಹುಳಿಗೆ, ದೋಸೆಗೆ, ಹಪ್ಪಳಕ್ಕೆ, ಉಪ್ಪಿನಲ್ಲಿ ಹಾಕುವುದಕ್ಕೆ. ಹಣ್ಣು ಕೊಟ್ಟಿಗೆಗೆ, ಪಾಯಸಕ್ಕೆ, ಬೆಲ್ಲದೊಡನೆ ಕಾಯಿಸಿ ಬೆರಟಿ ಮಾಡಿ ಭರಣಿಯಲ್ಲಿ ಇಡುವುದಕ್ಕೆ. ಕೊನೆಗೆ ಬೇಳೆ. ನಮ್ಮ ಮನೆಗಳಲ್ಲಿ ಬೇಳೆಯೆಂದರೆ ಮೊದಲು ನೆನಪಿಗೆ ಬರುವುದು ಅಂಗಡಿಯ ತೊಗರಿಬೇಳೆಯಲ್ಲ, ಹಲಸಿನ ಬೀಜ; ಘಟ್ಟದ ಮೇಲಿನಿಂದ ಇಲ್ಲಿಗೆ ವರ್ಗವಾಗಿ ಬಂದ ಅಧ್ಯಾಪಕ ಮಿತ್ರರು ಈ ಶಬ್ದದಿಂದ ಮೋಸಹೋಗುವುದುಂಟು. ಬೇಳೆಯನ್ನು ಕೆಮ್ಮಣ್ಣು ಮೆತ್ತಿಯೋ ಹೊಯಿಗೆಯಲ್ಲಿ ಹೂತೋ ಇಟ್ಟರೆ ಆಟಿಯವರೆಗೆ ಕೆಡುವುದಿಲ್ಲ. ಉಪ್ಪು ಹಾಕಿ ಬೇಯಿಸಿ ಒಣಗಿಸಿದರೆ ಅದು ಸಾಂತಣಿ. ಕಲ್ಲಿನಂತೆ ಗಟ್ಟಿ, ಮಳೆ ಹೊಯ್ಯುವ ಸಂಜೆ ಮಕ್ಕಳ ಬಾಯಿಗೆ ಕೆಲಸ. ಸಿಪ್ಪೆಯೂ ಗೂಂಜೂ ಹಟ್ಟಿಗೆ ಹೋಗುತ್ತವೆ. ಅಲ್ಲಿಂದ ಹಾಲಾಗಿ ಅರ್ಧ, ಗೊಬ್ಬರವಾಗಿ ಅರ್ಧ ಮರಳಿ ಬರುತ್ತವೆ.

ಉಪ್ಪುಸೊಳೆಯನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಬೆಳೆದ ಕಾಯಿಯ ಸೊಳೆ ಬಿಡಿಸಿ, ಬೇಳೆ ತೆಗೆದು, ಭರಣಿಯಲ್ಲಿ ಒಂದು ವರಸೆ ಸೊಳೆ, ಒಂದು ವರಸೆ ಉಪ್ಪು ಹೀಗೆ ತುಂಬಿ, ಮೇಲೆ ಭಾರದ ಕಲ್ಲಿಟ್ಟು ಬಾಯಿ ಕಟ್ಟುತ್ತಾರೆ. ಸೊಳೆ ತನ್ನ ನೀರನ್ನು ತಾನೇ ಬಿಟ್ಟು ಅದರಲ್ಲಿ ಮುಳುಗಿಕೊಳ್ಳುತ್ತದೆ. ಗಾಳಿ ತಾಗದಂತೆ ನೋಡಿಕೊಂಡರೆ ವರ್ಷದವರೆಗೂ ನಿಲ್ಲುತ್ತದೆ. ಆಟಿಯಲ್ಲಿ ಬೇಕಾದಷ್ಟು ತೆಗೆದು, ನೀರು ಬದಲಿಸುತ್ತ ನೆನೆಹಾಕಿ ಉಪ್ಪು ಬಿಡಿಸಿ, ಹಿಂಡಿ, ನೆನೆದ ಅಕ್ಕಿಯೊಡನೆ ಕಡೆದು ಬಾಳೆಲೆಯ ಮೇಲೆ ತಟ್ಟಿದರೆ ರೊಟ್ಟಿ. ಉಂಡೆ ಕಟ್ಟಿ ಎಣ್ಣೆಯಲ್ಲಿ ಕರಿದರೆ ಉಂಡ್ಲಕಾಳು. ಆದರೆ ಅದು ಎಣ್ಣೆಗೆ ಅನುಕೂಲವುಳ್ಳವರ ಮನೆಯ ಮಾತು. ಹಸಿ ಸೊಳೆ ಸಿಗುವ ಕಾಲದಲ್ಲಿ ದೋಸೆಯ ಕ್ರಮವೂ ಹೀಗೆಯೇ: ಒಂದು ಪಾವು ಅಕ್ಕಿಗೆ ಎರಡು ಮೂರು ಪಾವು ಹೆಚ್ಚಿದ ಸೊಳೆ. ಉದ್ದು ಬೇಡ, ಹುಳಿ ಬರಿಸುವುದೂ ಬೇಡ. ಸೌತೆಕಾಯಿ, ಚೀನಿಕಾಯಿ, ಬಾಳೆಕಾಯಿಗಳ ದೋಸೆಗಳೆಲ್ಲ ಇದೇ ಸೂತ್ರವನ್ನು ಅನುಸರಿಸಿದುವು. ಪಟ್ಟಣದ ಉಪಾಹಾರಗೃಹಗಳಲ್ಲಿ ಇಂದು ಇವು ವಿಶೇಷ ಖಾದ್ಯಗಳೆಂದು ಮಾರಾಟವಾಗುತ್ತವೆ. ಆದರೆ ಹುಟ್ಟಿದುದು ರುಚಿಯ ವೈವಿಧ್ಯಕ್ಕಾಗಿ ಅಲ್ಲ, ಕಡೆಯುವ ಕಲ್ಲಿಗೆ ಹಾಕುವ ಅಕ್ಕಿಯಲ್ಲಿ ಒಂದು ಪಾವನ್ನು ತಡೆಹಿಡಿಯುವುದಕ್ಕಾಗಿ. ಮೇಲೆ ಹೇಳಿದ ಒಂದು ಸೇರು ಉಳಿದುದು ಹೀಗೆ, ಪಾವು ಪಾವಾಗಿ.

ಪತ್ರೊಡೆಯೂ ಇದೇ ಜಾತಿಯದು. ಕೆಸುವಿನ ಎಲೆಗೆ ಅಕ್ಕಿಯ ಹಿಟ್ಟನ್ನು ಸವರಿ, ಎಲೆಯ ಮೇಲೆ ಎಲೆಯಿಟ್ಟು ಸುರುಳಿ ಸುತ್ತಿ ಬೇಯಿಸಿದಾಗ ಹಿಟ್ಟಿಗಿಂತ ಎಲೆಯೇ ಹೆಚ್ಚು. ಕೆಸು ಗಂಟಲನ್ನು ತುರಿಸುತ್ತದೆಂದು ಅರಪ್ಪಿಗೆ ಹುಳಿಯನ್ನು ಧಾರಾಳವಾಗಿ ಹಾಕುತ್ತಾರೆ. ಬಿದಿರಿನ ಮೊಳಕೆಯಾದ ಕಣಿಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಹಾಕಿ ವಿಷವನ್ನು ತೆಗೆಯುತ್ತಾರೆ. ತಗತೆಯ ಸೊಪ್ಪು ಮೊದಲ ಮಳೆಗೆ ಚಿಗುರಿದಾಗ ಮಾತ್ರ ಉಣ್ಣತಕ್ಕುದು. ಯಾವ ಎಲೆಯನ್ನು ಯಾವ ವಾರದಲ್ಲಿ ಕೊಯ್ಯಬೇಕು, ಯಾವುದಕ್ಕೆ ಹುಳಿ ಬೇಕು, ಯಾವುದರ ನೀರನ್ನು ಚೆಲ್ಲಬೇಕು, ಯಾವುದರದನ್ನು ಚೆಲ್ಲಬಾರದು, ಇದು ಒಂದು ಶಾಸ್ತ್ರವೇ ಸರಿ. ಇದರಲ್ಲಿ ತಪ್ಪಿದವರಿಗೆ ಶಿಕ್ಷೆ ಆ ರಾತ್ರಿಯೇ ಆಗುತ್ತಿತ್ತು.

ತಂಬುಳಿಯ ವಿಷಯದಲ್ಲಿ ಇನ್ನೊಂದು ಮಿತವ್ಯಯವಿದೆ: ಅದು ಸೌದೆಯದು. ಆಟಿಯಲ್ಲಿ ಒಣಸೌದೆ ಅಕ್ಕಿಯಷ್ಟೇ ದುರ್ಲಭ. ಒಂದು ಹಿಡಿ ಚಿಗುರನ್ನು, ಅದಿಲ್ಲವಾದರೆ ಯಾವುದಾದರೊಂದು ಕಾಯಿಯ ಸಿಪ್ಪೆಯನ್ನು ಕೆಂಡದಲ್ಲಿ ಬಾಡಿಸಿ, ಚೂರು ತೆಂಗಿನಕಾಯಿಯೊಡನೆ ಅರೆದು ಮಜ್ಜಿಗೆಗೆ ಕದಡಿದರೆ ಎಂಟು ಮಂದಿಗೆ ಪದಾರ್ಥವಾಯಿತು. ಬೇರೆ ಒಲೆ ಹೊತ್ತಿಸಬೇಕಾಗಲಿಲ್ಲ. ಹಪ್ಪಳವನ್ನು ಎಣ್ಣೆಯಲ್ಲಿ ಕರಿಯದೆ ಗಂಜಿ ಬೆಂದ ಒಲೆಯ ಕೆಂಡದಲ್ಲಿ ಸುಡುತ್ತಾರೆ. ಬೇಳೆಯನ್ನೂ ಅದೇ ಬೂದಿಯಲ್ಲಿ ಹೂಳುತ್ತಾರೆ. ತೆಂಗಿನ ಸೀಮೆಯಲ್ಲಿಯೂ ತೆಂಗಿನಕಾಯಿಗೆ ಇಷ್ಟು ಬಿಗಿಯೇಕೆಂದು ಕೇಳಬಹುದು. ಅಕ್ಕಿಯಂತೆ ತೆಂಗಿನಕಾಯಿಯೂ ಇಲ್ಲಿ ಹಣವೇ. ಬೀರಿದ ಕಾಯಿಗಳಲ್ಲಿ ಮಾರಾಟಕ್ಕೆ ಹೋಗದೆ ಮನೆಯಲ್ಲಿ ಉಳಿಯುವುವು ಸಣ್ಣವು, ಸೊರಗಿದುವು. ತೆಂಗಿನಕಾಯಿ ಅರೆದು ಹಾಕದೆ ಮಾಡಿದ ಹುಳಿಗೆ ನಮ್ಮಲ್ಲಿ ಬೋಳುಹುಳಿಯೆಂದು ಹೆಸರು. ತಲೆಗೂದಲು ಹೋದವನನ್ನು, ಎಲೆ ಉದುರಿದ ಮರವನ್ನು ಹೇಳುವ ಶಬ್ದವೇ ಇದು. ಆ ಪದದಲ್ಲಿ ಒಂದಿಷ್ಟು ನಾಚಿಕೆಯೂ ಇದೆಯೆಂದು ನಮಗೆ ತೋರುತ್ತದೆ. ನೆಂಟರು ಬಂದ ದಿನ ಬೋಳುಹುಳಿ ಮಾಡುವವರಿಲ್ಲ.

ಮಳೆಗಾಲಕ್ಕೆ ಮುನ್ನ ಬೆಳೆದ ಸೌತೆಕಾಯಿಗಳನ್ನು ಬಾಳೆಯ ಹಗ್ಗದಿಂದ ಒಂದೊಂದಾಗಿ ಕಟ್ಟಿ ಮಾಡಿನ ಅಡ್ಡೆಗೆ ತೂಗಹಾಕುವ ಪದ್ಧತಿಯನ್ನು ಓದುಗರಲ್ಲಿ ಅನೇಕರು ಕಂಡಿರಬಹುದು. ಒಂದಕ್ಕೊಂದು ತಾಗದೆ, ಒಲೆಯ ಹೊಗೆ ಹಾಯುತ್ತಿದ್ದರೆ ಅವು ತಿಂಗಳುಗಟ್ಟಲೆ ನಿಲ್ಲುತ್ತವೆ. ಅಂತಹ ಒಂದು ಕಾಯಿಯ ಹೋಳು ಹುಳಿಗೆ, ತಿರುಳು ದೋಸೆಗೆ, ಸಿಪ್ಪೆ ಚಟ್ನಿಗೆ. ಮೀನು ಉಣ್ಣುವ ಮನೆಗಳಲ್ಲಿ ಈ ಸ್ಥಾನವು ಒಣಮೀನಿಗೆ. ಬೇಸಗೆಯಲ್ಲಿ ಕಡಲತೀರದಲ್ಲಿ ಒಣಗಿಸಿದ ಮೀನು ಒಂದು ತುಂಡು ಇದ್ದರೆ, ಹುರುಳಿಯ ಸಾರು ಒಂದು ಇದ್ದರೆ, ಒಂದು ಬಟ್ಟಲು ಗಂಜಿ ಇಳಿಯುತ್ತದೆ.

ಇಷ್ಟನ್ನು ಹೇಳಿ, ನಮ್ಮ ಹಿರಿಯರು ಎಷ್ಟು ಸುಖವಾಗಿ ಬಾಳಿದರೆಂದು ಹೊಗಳಿ ಮುಗಿಸುವುದು ನಮ್ಮ ಉದ್ದೇಶವಲ್ಲ. ಮೇಲೆ ವರ್ಣಿಸಿದ ಭರಣಿ, ಅಟ್ಟ, ಹಟ್ಟಿಗಳು ಇದ್ದುದು ಹಿತ್ತಿಲು ಇದ್ದವರ ಮನೆಯಲ್ಲಿ. ಮರ ಒಡೆಯನದಾಗಿ, ಗುಡಿಸಲಿನ ಅಡಿಯ ನೆಲವೂ ಒಡೆಯನದಾಗಿದ್ದ ಕೂಲಿಯಾಳಿನ ಮನೆಗೆ ಹಲಸು ಕೇಳಿ ಪಡೆಯಬೇಕಾದ ವಸ್ತುವಾಗಿತ್ತು. ಅಂತಹವರು ಕಾಡುಗೆಣಸನ್ನು ಅಗೆದು ತಂದರು. ಬೈನೆಮರದ ತಿರುಳನ್ನು ಕುಟ್ಟಿ ಹಿಟ್ಟು ತೆಗೆದು ಗಂಜಿ ಕಾಸಿದರು. ಉಳ್ಳವರ ಮನೆಯಲ್ಲಿಯೂ ಒಂದೇ ಪಾತ್ರೆಯ ಗಂಜಿ ಎಲ್ಲರಿಗೆ ಒಂದೇ ಆಗಿರಲಿಲ್ಲ. ಗದ್ದೆಗೆ ಹೋಗುವವನಿಗೆ ಅಡಿಯ ಅಗುಳು, ಮಕ್ಕಳಿಗೆ ನಡುವಿನದು, ಬಡಿಸಿದವಳಿಗೆ ಮೇಲಣ ತೆಳಿ. ಎರಡು ಸೇರಿನಲ್ಲಿ ಎಂಟು ಮಂದಿ ಉಂಡರೆಂಬ ಲೆಕ್ಕದಲ್ಲಿ ಈ ಎಂಟನೆಯವಳು ಎಷ್ಟು ಉಂಡಳೆಂಬುದು ಸೇರುವುದಿಲ್ಲ. ಬೆಳಗಿನ ತಂಗಳನ್ನದ ಪಾತ್ರೆಯ ತಳದಲ್ಲಿ ಉಳಿದುದು ಅವಳ ಪಾಲು. ಅದಕ್ಕೆ ಮಜ್ಜಿಗೆ ಕೂಡಿಸಿದರೆ ಉಪ್ಪಿನಕಾಯಿಯ ಒಂದು ಮಿಡಿಯಲ್ಲಿ ಊಟ ಮುಗಿಯಿತು. ಗೃಹಿಣಿಯ ಮಿತವ್ಯಯವನ್ನು ಕೊಂಡಾಡುವ ಲೇಖನಗಳು ಬಹಳ ಬಂದಿವೆ. ಆ ಉಳಿತಾಯದಲ್ಲಿ ಅವಳ ಹೊಟ್ಟೆಯ ಪಾಲೆಷ್ಟೆಂದು ಕೇಳಿದವರು ವಿರಳ.

ಈ ಅಡಿಗೆಯಲ್ಲಿ ಅಂಗಡಿಯಿಂದ ತರಲೇಬೇಕಾಗಿದ್ದ ವಸ್ತು ಉಪ್ಪು. ಸೊಳೆಗೆ, ಮಾವಿನ ಮಿಡಿಗೆ, ಸಾಂತಣಿಗೆ, ಒಣಮೀನಿಗೆ ಉಪ್ಪಿಲ್ಲದೆ ನಡೆಯದು. ಬೇಸಗೆಯ ಸಮೃದ್ಧಿಯನ್ನು ಮಳೆಗಾಲದ ಅಭಾವಕ್ಕೆ ದಾಟಿಸುವ ದೋಣಿಯೇ ಉಪ್ಪು. ಆದುದರಿಂದ ಉಪ್ಪಿನ ಕರವು ನಮ್ಮ ಸೀಮೆಯಲ್ಲಿ ಬರಿಯ ರಾಜಕೀಯದ ಪ್ರಶ್ನೆಯಾಗಿರಲಿಲ್ಲ. 1930ರ ಏಪ್ರಿಲ್ ತಿಂಗಳಲ್ಲಿ ಕೆ. ಕೇಳಪ್ಪನವರ ಮುಂದಾಳುತನದಲ್ಲಿ ಕೋಝಿಕ್ಕೋಡಿನಿಂದ ನಡೆದು ಬಂದ ಸತ್ಯಾಗ್ರಹಿಗಳು ಉಪ್ಪಿನ ಕಾಯಿದೆಯನ್ನು ಮುರಿದುದು ನಮ್ಮ ತೆಂಕಣ ಗಡಿಗೆ ಸಮೀಪವಾದ ಪಯ್ಯನ್ನೂರಿನಲ್ಲಿ. ಉಪ್ಪಿನ ಕರವು ರದ್ದಾದುದು 1947ರಲ್ಲಿ. ಸತ್ಯಾಗ್ರಹದ ಇತಿಹಾಸವನ್ನು ತರಗತಿಯಲ್ಲಿ ಪಾಠಮಾಡುವಾಗ ಉಪ್ಪುಸೊಳೆಯ ಭರಣಿಯನ್ನು ನೆನಪಿಸಿದರೆ ಮಕ್ಕಳಿಗೆ ವಿಷಯ ಬೇಗನೆ ಹತ್ತುತ್ತದೆಂಬುದು ನಮ್ಮ ಅನುಭವ.

ಕುಚ್ಚಲಕ್ಕಿಯ ವಿಚಾರವನ್ನೂ ಇಲ್ಲಿ ಹೇಳಬೇಕು. ಭತ್ತವನ್ನು ಬೇಯಿಸಿ ಒಣಗಿಸಿ ಕುಟ್ಟುವುದರಿಂದ ನುಚ್ಚು ಕಡಿಮೆ, ಅಕ್ಕಿ ಹೆಚ್ಚು. ಇದು ನಮ್ಮ ಹಿರಿಯರಿಗೆ ಗೊತ್ತಿದ್ದ ಲಾಭ. ಗೊತ್ತಿಲ್ಲದೆ ಬಂದ ಲಾಭ ಇನ್ನೊಂದು. ಇನ್ನೊಂದು ಗಡಿನಾಡಾದ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಆರಂಭಿಸಿದ ಆಹಾರ ಸಂಶೋಧನಾಲಯದಲ್ಲಿ ಡಬ್ಲ್ಯು. ಆರ್. ಅಯ್‌ಕ್ರಾಯ್ಡ್ ಮತ್ತು ಅವರ ಸಂಗಡಿಗರು 1930ರ ದಶಕದಲ್ಲಿ ಅಕ್ಕಿಯನ್ನು ಕುರಿತು ಬಹಳ ಪರೀಕ್ಷೆಗಳನ್ನು ನಡೆಸಿದರು. ಭತ್ತವನ್ನು ಬೇಯಿಸುವಾಗ ತವುಡಿನ ಬಳಿಯಲ್ಲಿರುವ ಬಿ ಜೀವಸತ್ವವು ಕಾಳಿನ ಒಳಗೆ ಇಳಿಯುವುದರಿಂದ, ಮಿಲ್ಲಿನಲ್ಲಿ ತಿರುಚಿದರೂ ತೊಳೆದರೂ ಅದು ಬೆಳ್ತಿಗೆ ಅಕ್ಕಿಯಲ್ಲಿ ನಾಶವಾಗುವಷ್ಟು ನಾಶವಾಗುವುದಿಲ್ಲವೆಂದು ಅವರು ತೋರಿಸಿದರು. ಬೆಂದ ನೀರನ್ನು ಬಸಿದು ಚೆಲ್ಲದೆ ಗಂಜಿಯಾಗಿ ಉಣ್ಣುವುದರಲ್ಲಿ ಅದು ಇನ್ನಷ್ಟು ಉಳಿಯುತ್ತದೆ. ಗಂಜಿ ಉಣ್ಣುವವನು ಬಡವ, ಬೆಳ್ತಿಗೆ ಅನ್ನ ಉಣ್ಣುವವನು ಸ್ಥಿತಿವಂತ ಎಂಬ ಭಾವನೆ ಆ ಪರೀಕ್ಷೆಗಳಿಂದೇನೂ ಕಡಿಮೆಯಾಗಲಿಲ್ಲ, ಅದಿರಲಿ.

1942ರ ಮಾರ್ಚಿಯಲ್ಲಿ ರಂಗೂನು ಜಪಾನರ ವಶವಾದುದು ನಮ್ಮ ಅಡಿಗೆಮನೆಗಳ ಇತಿಹಾಸದಲ್ಲಿಯೂ ಒಂದು ಘಟ್ಟ. ಮಲಬಾರು, ಕೊಚ್ಚಿ, ತಿರುವಾಂಕೂರುಗಳು ಬರ್ಮಾ ಅಕ್ಕಿಯನ್ನು ಬಹುವಾಗಿ ನೆಚ್ಚಿಕೊಂಡಿದ್ದುವು. ಅದು ನಿಂತುಹೋಗಲು ಕರಾವಳಿಯ ಉದ್ದಕ್ಕೂ ಅಕ್ಕಿಯ ಧಾರಣೆ ಏರಿತು. ನಿಯಂತ್ರಣ, ಕಡ್ಡಾಯ ವಸೂಲಿ, ರೇಶನು ಎಂಬ ಮಾತುಗಳು ಹಳ್ಳಿಗೆ ಬಂದುವು. ಮಳೆಗಾಲದ ಉಪಾಯವಾಗಿದ್ದುದು ವರ್ಷದ ಹನ್ನೆರಡು ತಿಂಗಳಿಗೂ ಅಗತ್ಯವಾಯಿತು. ಮರಗೆಣಸು ನಮ್ಮ ಊಟಕ್ಕೆ ಬಲವಾಗಿ ಪ್ರವೇಶಿಸಿದುದು ಈ ಕಾಲದಲ್ಲಿಯೇ. ತಿರುವಾಂಕೂರಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ವಿಶಾಖಂ ತಿರುನಾಳ್ ಮಹಾರಾಜರು ಪ್ರಚಾರಕ್ಕೆ ತಂದಿದ್ದ ಈ ಗಡ್ಡೆಯನ್ನು ಅಲ್ಲಿಂದ ವಲಸೆ ಬಂದ ರೈತರು ನಮ್ಮ ಮೂಡಣ ಗುಡ್ಡಗಳಲ್ಲಿ ಬೆಳೆದರು. 1943ರಲ್ಲಿ ನೆಲೆಗೊಂಡ ರಾಜಪುರದ ವಸತಿಯು ಅಂತಹುದರಲ್ಲೊಂದು. ಬೆಂದ ಮರಗೆಣಸಿಗೂ ಒಣಮೀನಿಗೂ ಒಮ್ಮೆ ಗಂಟು ಬಿದ್ದ ಬಳಿಕ ಅದು ಬಿಟ್ಟುಹೋಗಲಿಲ್ಲ.

ಆದರೆ ಮಿತವ್ಯಯಕ್ಕೂ ಒಂದು ಮಿತಿಯುಂಟು. ಇದ್ದ ಅಕ್ಕಿಯನ್ನು ಹಿಗ್ಗಿಸಬಹುದಲ್ಲದೆ ಇಲ್ಲದ ಅಕ್ಕಿಯನ್ನು ಹಿಗ್ಗಿಸುವ ವಿದ್ಯೆ ಯಾವ ಗೃಹಿಣಿಗೂ ತಿಳಿಯದು. 1946ರ ದಶಂಬರ 20ರಂದು, ನಮ್ಮ ಗಡಿಗೆ ತಾಗಿದ ಕರಿವೆಳ್ಳೂರಿನಲ್ಲಿ, ಚಿರಕ್ಕಲ್ ರಾಜರ ಗೇಣಿಯ ಭತ್ತವನ್ನು ಊರಿನಿಂದ ಹೊರಕ್ಕೆ ಸಾಗಿಸುವುದನ್ನು ರೈತರು ಅಡ್ಡಗಟ್ಟಿದರು. ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು. ಹಸಿದ ಊರಿನ ಕಣ್ಣ ಮುಂದೆ ಮುಡಿ ಮುಡಿಯಾಗಿ ಧಾನ್ಯ ಹೊರಟುಹೋಗುವುದನ್ನು ತಂಬುಳಿ ಉಂಡು ಸಹಿಸುವ ಕಾಲ ಮುಗಿದಿತ್ತು. ಗೇಣಿಯ ಪ್ರಶ್ನೆಯನ್ನೇ ಹಿನ್ನೆಲೆಯಾಗಿ ಉಳ್ಳ 1941ರ ಕಯ್ಯೂರಿನ ಘಟನೆಯನ್ನು ನಿರಂಜನರ ‘ಚಿರಸ್ಮರಣೆ’ಯ ಮೂಲಕ ನಮ್ಮ ವಾಚಕರು ಬಲ್ಲರು. ಕೊನೆಗೆ ಗೇಣಿಯೆಂಬುದು ಕಾನೂನಿನಿಂದ ತೊಲಗಿದುದು ಕೇರಳದ ಭೂಸುಧಾರಣೆಯ ತಿದ್ದುಪಡಿಯು 1970ರ ಜನವರಿ 1ರಂದು ಜಾರಿಗೆ ಬಂದಾಗ.

ಅದಕ್ಕೆ ಮುನ್ನ ಇನ್ನೊಂದು ಬದಲಾವಣೆ ಆಯಿತು. 1952ರ ಜೂನಿನಲ್ಲಿ ರಾಜಾಜಿಯವರ ಮಂತ್ರಿಮಂಡಲವು ಮದರಾಸು ರಾಜ್ಯದಲ್ಲಿ ರೇಶನನ್ನು ತೆಗೆದುಹಾಕಿತು. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಮಂಗಳೂರಿನ ಅಕ್ಕಿ ಮಂಜೇಶ್ವರಕ್ಕೆ ಬರುವುದೆಂದರೆ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಬಂದಂತೆ. 1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಸೇರಿತು. ಆದರೂ 1957ರಲ್ಲಿ ಆಂಧ್ರ, ಮದರಾಸು, ಮೈಸೂರು, ಕೇರಳ ನಾಲ್ಕನ್ನೂ ಸೇರಿಸಿ ದಕ್ಷಿಣದ ಅಕ್ಕಿಯ ವಲಯವನ್ನು ಏರ್ಪಡಿಸಿದುದರಿಂದ ಅಕ್ಕಿಗೆ ತಲಪಾಡಿಯ ಗಡಿಯು ಗಡಿಯಾಗಿರಲಿಲ್ಲ. 1964ರಲ್ಲಿ ಆ ವಲಯವು ಒಡೆದು ಒಂದೊಂದು ರಾಜ್ಯವೂ ಒಂದೊಂದು ವಲಯವಾಯಿತು. ಭಾಷೆ ಒಂದು, ನೆಂಟಸ್ತಿಕೆ ಒಂದು, ಹಲಸಿನ ದೋಸೆಯೂ ಒಂದೇ ಆಗಿದ್ದ ಎರಡು ಊರುಗಳ ನಡುವೆ ಅಕ್ಕಿ ಮಾತ್ರ ದಾಟಬಾರದ ವಸ್ತುವಾಯಿತು. ತವರಿನಿಂದ ಮಗಳ ಮನೆಗೆ ಅಕ್ಕಿಯ ಗಂಟು ಒಯ್ಯುವುದು ಕಳ್ಳಸಾಗಣೆಯ ಲೆಕ್ಕಕ್ಕೆ ಬಂತು. ರಾಜ್ಯ ಪುನರ್ವಿಂಗಡಣೆಯ ಪರಿಣಾಮಗಳನ್ನು ಶಾಲೆ, ಕಚೇರಿ, ನ್ಯಾಯಸ್ಥಾನಗಳಿಗೆ ಸಂಬಂಧಿಸಿ ನಮ್ಮವರು ಬಹಳ ಬರೆದಿದ್ದಾರೆ. ಗಡಿಯು ಅಡಿಗೆಮನೆಯ ಒಳಗೆ ಹಾಯ್ದುದನ್ನು ಬರೆದವರು ಕಡಿಮೆ.

ಕೇರಳದಲ್ಲಿ ಎಲ್ಲ ಮನೆಗಳನ್ನೂ ಒಳಗೊಂಡ ರೇಶನು ಬೆಳೆದು ನಿಂತುದು ಈ ಅಭಾವದಿಂದಲೇ. ಕೇರಳ ರೇಶನಿಂಗ್ ಆಜ್ಞೆಯು 1966ರದು. ಅಕ್ಕಿಯ ಜೊತೆಗೆ ಗೋಧಿ ಬಂತು. ಗೋಧಿಯನ್ನು ಏನು ಮಾಡಬೇಕೆಂದು ನಮ್ಮ ಅಜ್ಜಿಯಂದಿರಿಗೆ ತಿಳಿಯದು. ಚಪಾತಿ ಲಟ್ಟಿಸುವ ಮಣೆ ಮನೆಯಲ್ಲಿರಲಿಲ್ಲ. ಅವರು ಗೋಧಿಯನ್ನು ಅಕ್ಕಿಯಂತೆ ನೆನೆಹಾಕಿ ಕಡೆಯುವ ಕಲ್ಲಿಗೆ ಹಾಕಿದರು, ದೋಸೆ ಹೊಯ್ದರು. ಕೆಲವರು ನುಚ್ಚು ಮಾಡಿ ಗಂಜಿ ಕಾಸಿದರು. ಹೊಸ ಧಾನ್ಯವು ಹಳೆಯ ಸೂತ್ರಕ್ಕೆ ಒಗ್ಗಿತು. 1965ರಲ್ಲಿ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು, ಸೋಮವಾರ ರಾತ್ರಿ, ಊಟ ಬಿಡಬೇಕೆಂದು ದೇಶಕ್ಕೆ ಕರೆಯಿತ್ತರು. ಕರೆಯ ಹಿಂದಿನ ಪ್ರಾಮಾಣಿಕತೆಯನ್ನು ಎಲ್ಲರೂ ಗೌರವಿಸಿದರು. ಆಟಿಯ ರಾತ್ರಿಗಳಲ್ಲಿ ಸಾಂತಣಿ ಜಗಿದು ಮಲಗುತ್ತಿದ್ದ ಮನೆಗಳಿಗೆ ಅದು ಹೊಸ ಮಾತೇನೂ ಆಗಿರಲಿಲ್ಲ.

ಉಪಾಧ್ಯಾಯ ಬಂಧುಗಳಿಗೆ ಈ ಚರಿತ್ರೆಯ ಒಂದು ಭಾಗವು ನೇರವಾಗಿ ಸಂಬಂಧಿಸಿದೆ. 1960ರ ದಶಕದಲ್ಲಿ ಅಮೆರಿಕೆಯ ಕೇರ್ ಸಂಸ್ಥೆಯ ನೆರವಿನಿಂದ ಶಾಲೆಗಳಲ್ಲಿ ಹಳದಿ ಜೋಳದ ರವೆಯ ಉಪ್ಪಿಟ್ಟನ್ನೂ ಹಾಲಿನ ಪುಡಿಯ ಹಾಲನ್ನೂ ಹಂಚಲಾಯಿತು. ಬಾಳೆಲೆಯ ತುಂಡು ಹಿಡಿದು ಸಾಲುಗಟ್ಟಿದ ಮಕ್ಕಳು ಪಾಠಕ್ಕಾಗಿ ಬಂದವರೋ ಉಪ್ಪಿಟ್ಟಿಗಾಗಿ ಬಂದವರೋ ಎಂದು ವಿನೋದವಾಡುವವರಿದ್ದರು. ಮಳೆಗಾಲದಲ್ಲಿ ಹಾಜರಿ ಏರಿದುದಕ್ಕೆ ಕಾರಣವೇನೆಂದು ಹಾಜರಿ ಪುಸ್ತಕ ಬರೆಯುವವರಿಗೆ ತಿಳಿದಿತ್ತು. 1984ರ ಸುಮಾರಿಗೆ ಕೇರಳ ಸರಕಾರವು ಕೆಳಗಿನ ತರಗತಿಗಳಿಗೆ ಗಂಜಿ ಮತ್ತು ಹೆಸರುಕಾಳಿನ ಮಧ್ಯಾಹ್ನದ ಊಟವನ್ನು ಆರಂಭಿಸಿದಾಗ, ಶಾಲೆಯ ಒಲೆಯಲ್ಲಿ ಬೆಂದುದು ಮನೆಯ ಒಲೆಯಲ್ಲಿ ಬೇಯುತ್ತಿದ್ದುದೇ ಆಗಿತ್ತು. ಕಾಸರಗೋಡು ಜಿಲ್ಲೆಯಾದುದೂ ಆ ವರ್ಷದಲ್ಲಿಯೇ, ಮೇ 24ರಂದು.

ಗದ್ದೆಗಳ ಕಥೆ ಬೇರೆ ದಾರಿ ಹಿಡಿಯಿತು. 1970ರ ದಶಕದ ನಡುವಿನಲ್ಲಿ ಕೇರಳದಲ್ಲಿ ಸುಮಾರು 8.8 ಲಕ್ಷ ಹೆಕ್ಟೇರು ಭತ್ತದ ಬೆಳೆಯಿತ್ತು. ಈಚಿನ ವರ್ಷಗಳಲ್ಲಿ ಅದು 2 ಲಕ್ಷದ ಆಸುಪಾಸಿಗೆ ಇಳಿದಿದೆ. ನಮ್ಮಲ್ಲಿ ಮಜಲುಗಳು ಅಡಕೆತೋಟಗಳಾದುವು, ಬೆಟ್ಟುಗಳು ರಬ್ಬರಿನ ಗುಡ್ಡಗಳಾದುವು. ಮುಡಿ ಕಟ್ಟಬಲ್ಲವರು ಊರಿಗೊಬ್ಬರೂ ದೊರೆಯುವುದಿಲ್ಲ; ಕಟ್ಟಿದ ಮುಡಿಯೊಂದು ಜಾನಪದ ವಸ್ತು ಪ್ರದರ್ಶನದಲ್ಲಿ ಕಂಡರೆ ಕಂಡೀತು. ಆಟಿಯಲ್ಲಿ ಹಸಿವಿಲ್ಲ. ಅದರ ಬದಲಿಗೆ ಸಂಘಸಂಸ್ಥೆಗಳು ನಡೆಯಿಸುವ ‘ಆಟಿದ ಕೂಟ’ಗಳಲ್ಲಿ ಪತ್ರೊಡೆ, ತಗತೆ ಪಲ್ಯ, ಕಣಿಲೆಗಳನ್ನು ಸಾಲಾಗಿ ಬಡಿಸುತ್ತಾರೆ, ಹಿಂದೆ ಒಂದೊಂದು ದಿನಕ್ಕೆ ಒಂದೊಂದಾಗಿ ಬಂದುದು ಈಗ ಒಂದೇ ಎಲೆಯಲ್ಲಿ ಒಟ್ಟಿಗೆ ಬರುತ್ತದೆ. ನಾವೂ ಅಂತಹ ಕೂಟಗಳಲ್ಲಿ ಸಂತೋಷದಿಂದ ಉಂಡಿದ್ದೇವೆ.

2018ರ ಮಾರ್ಚಿ 21ರಂದು ಕೇರಳ ಸರಕಾರವು ಹಲಸನ್ನು ರಾಜ್ಯದ ಫಲವೆಂದು ಘೋಷಿಸಿತು. ಹಲಸಿನ ಮೇಳಗಳಲ್ಲಿ ಹಪ್ಪಳ ಕಟ್ಟಿಗೆ ಇಷ್ಟೆಂದೂ, ಉಪ್ಪುಸೊಳೆ ಕಿಲೋಗೆ ಇಷ್ಟೆಂದೂ ಬೆಲೆಯ ಚೀಟಿ ಅಂಟಿಸಿ ಮಾರುತ್ತಾರೆ. ಮಾರುವವರಲ್ಲಿ ಹೆಂಗಸರೇ ಹೆಚ್ಚು, ಸ್ವಸಹಾಯ ಸಂಘಗಳವರು. ಅವರ ಮೇಜಿನ ಮೇಲೆ ಒಂದು ಲೆಕ್ಕದ ಪುಸ್ತಕವೂ ಇರುತ್ತದೆ. ಸೊಳೆ ಎಷ್ಟು, ಉಪ್ಪು ಎಷ್ಟು, ಬಿಡಿಸಿದ ಕೂಲಿ ಎಷ್ಟು ಎಂಬುದನ್ನು ಅವರು ಅದರಲ್ಲಿ ಬರೆದಿಡುತ್ತಾರೆ.